ಬಾಹ್ಯಾಕಾಶದಲ್ಲಿ ಊರು ಕಟ್ಟಲು ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ವೀಸಾ, ಸ್ವೆಟರ್, ಸೂಟ್‌ಕೇಸಿನ ತೂಕ ಎಂದು ದಿನವೂ ಫೋನಿನಲ್ಲಿ ಮಾತಾಡುತ್ತೇವೆ, ಹೇಳಬೇಕಾದ ಮಾತು ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ನೀನು ಶಿವಮೊಗ್ಗದ ಹಾಸ್ಟೆಲಿನಿಂದಲೇ ಬೆಂಗಳೂರಿಗೆ ಹೋಗಿ ವಿಮಾನ ಹತ್ತುವವಳು. ಅದಕ್ಕೇ ಈ ಕಾಗದ.

ನಿಮ್ಮ ಬಾಹ್ಯಾಕಾಶ ವಸತಿ ವಿನ್ಯಾಸ ಸ್ಪರ್ಧೆಯಲ್ಲಿ ಪ್ರಶ್ನೆಪತ್ರಿಕೆಯೇ ಇಲ್ಲ ಎಂದಾಗ ನಿನ್ನ ಅಪ್ಪ ಅದನ್ನು ಸ್ಪರ್ಧೆ ಎಂದೇ ಒಪ್ಪಿರಲಿಲ್ಲ. ಇದು ಟೆಂಡರ್ ಇದ್ದ ಹಾಗೆ ಎಂದ ಮೇಲೆ ತಲೆಯಾಡಿಸಿದರು. ಬೇರೆ ಬೇರೆ ದೇಶದ ಮಕ್ಕಳನ್ನು ಬೆರೆಸಿ ನಾಲ್ಕು ಕಾಲ್ಪನಿಕ ಕಂಪನಿ ಮಾಡುವುದು, ಆಕಾಶದಲ್ಲಿ ಇಂಥದ್ದೊಂದು ಊರು ಬೇಕು ಎಂದು ಷರತ್ತುಗಳ ಪಟ್ಟಿ ಕೊಡುವುದು, ನೀವು ನಿದ್ದೆಗೆಟ್ಟು ನಕ್ಷೆ, ಯಂತ್ರ, ಆಹಾರ, ಗಾಳಿ, ಖರ್ಚು ಎಲ್ಲ ಲೆಕ್ಕ ಹಾಕಿ ತೀರ್ಪುಗಾರರ ಮುಂದೆ ನಿಲ್ಲುವುದು. ಅದೂ ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ, ಚಂದ್ರನ ಮೇಲೆ ನಡೆದವರ ರಾಕೆಟ್ ಹಾರಿದ ಜಾಗದಲ್ಲಿ! ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ನಾಚಿಕೆಯಿಲ್ಲದೆ.

ರಜೆಯಲ್ಲಿ ನೀನು ಬಿಟ್ಟುಹೋದ, ಉಂಗುರದಂಥ ಬಾಹ್ಯಾಕಾಶ ಊರಿನ ಚಿತ್ರ ಅಡುಗೆಮನೆಯ ಗೋಡೆಯಲ್ಲಿದೆ. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕುಳಿತು ಯೋಚಿಸಿದವರ ಉಂಗುರ: ಅಡ್ಡಳತೆ ಸುಮಾರು 1.8 ಕಿಲೋಮೀಟರ್, ನಿಮಿಷಕ್ಕೊಂದು ಸುತ್ತು, ಒಳಗೆ 10,000 ಜನ. ಆ ಸುತ್ತಿನಿಂದಲೇ ಒಳಗಿದ್ದವರ ಕಾಲು ಭೂಮಿಯಲ್ಲಿದ್ದಷ್ಟೇ ಗಟ್ಟಿಯಾಗಿ ನೆಲಕ್ಕೆ ಊರುತ್ತದೆ ಎಂದು ನೀನು ಬಿಡಿಸಿ ಹೇಳಿದ್ದೆ. ಅಜ್ಜಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ ಕೇಳಿದರು, "ಇಷ್ಟು ಜನ ತಾವಾಗಿಯೇ ಹೋಗುತ್ತಾರೋ, ಲಾರಿಯಲ್ಲಿ ತಂದು ಇಳಿಸುತ್ತಾರೋ?"

ನೀನು ನಕ್ಕೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಜ್ಜಿಗೆ ಹತ್ತು ವರ್ಷದ ಆಸುಪಾಸು. ಮುಳುಗಡೆಯಾದ ಅಜ್ಜಿಯ ಮನೆಗೆ ಬದಲಿ ಜಮೀನು ಕಾಗದದಲ್ಲಿ ಬಂದಿತ್ತು, ಎಕರೆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಡಿಕೆ ತೋಟಕ್ಕೆ ಬರಿಯ ಎಕರೆ ಸಾಲುತ್ತದೆಯೇ? ಗೊಬ್ಬರಕ್ಕೆ ಸೊಪ್ಪಿನ ಬೆಟ್ಟ ಬೇಕು, ಬೇಸಿಗೆಯಲ್ಲೂ ಆರದ ನೀರು ಬೇಕು, ಕಷ್ಟಕ್ಕೆ ಒದಗುವ ಪಕ್ಕದ ಮನೆ ಬೇಕು. ಇವರ ಕೇರಿಯನ್ನು ಮೂರು ದಿಕ್ಕಿಗೆ ಹಂಚಿದ್ದರು. ಶರಾವತಿಯ 1035 ಮೆಗಾವಾಟ್ ವಿದ್ಯುತ್ ರಾಜ್ಯಕ್ಕೆಲ್ಲ ಹರಿದರೂ ಅಜ್ಜಿಯ ಹೊಸ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ಬುಡ್ಡಿಯೇ ಉರಿಯಿತು. ಅಣೆಕಟ್ಟು ಕಟ್ಟಿದವರು ದಡ್ಡರಲ್ಲ, ಮಗಳೇ. ಅವರ ಗೋಡೆ ಇಂದಿಗೂ ಅಲುಗಿಲ್ಲ.

ಸ್ಪರ್ಧೆಯ ಕಂಪನಿಯಲ್ಲಿ ರಚನೆಯ ವಿಭಾಗವೇ ಸಿಗಲಿ, ಜನಜೀವನದ ವಿಭಾಗ ಬೇಡ, ಅದು ಸಪ್ಪೆ ಎಂದೆಯಲ್ಲ. ನನ್ನ ಮಾತು ಕೇಳುವುದಾದರೆ ಅದನ್ನೇ ಕೇಳಿ ತೆಗೆದುಕೋ. ಉಂಗುರ ತಿರುಗಿಸುವ ಲೆಕ್ಕವನ್ನು ಇನ್ನೊಬ್ಬರು ಮಾಡಿಯಾರು. ಒಂದೇ ಓಣಿಯವರನ್ನು ಒಟ್ಟಿಗೆ ಇಡಬೇಕೋ ಬೇಡವೋ, ಮುದುಕರು ಹಗಲೆಲ್ಲ ಎಲ್ಲಿ ಕೂರಬೇಕು, ಅಲ್ಲಿ ಬೇಸರವಾದವರು ವಾಪಸು ಬರುವ ದಾರಿ ಯಾವುದು ಎಂದು ಕೇಳುವವರು ಆ ಮೇಜಿನಲ್ಲಿ ಒಬ್ಬರಾದರೂ ಇರಲಿ. ತೀರ್ಪುಗಾರರು ಅದಕ್ಕೆ ಅಂಕ ಕೊಡುತ್ತಾರೋ ಬಿಡುತ್ತಾರೋ, ಅದು ಬೇರೆ ಮಾತು.

ನೀರಿನ ವಿಷಯದಲ್ಲಿ ಮಾತ್ರ ಅಜ್ಜಿ ನಿನ್ನ ಪಕ್ಷದಲ್ಲಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ಶೇ 98ರಷ್ಟು ನೀರನ್ನು ಮರಳಿ ಪಡೆಯುವ ಮಟ್ಟವನ್ನು 2023ರಲ್ಲಿ ಮುಟ್ಟಿದರು ಎಂದು ನೀನು ಓದಿ ಹೇಳಿದೆ. ಅಂದಿನಿಂದ ಅವರು ನಿನ್ನ ಊರಿಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಪುಷ್ಯ ಮಳೆ ಹಿಡಿದು ಅಂಗಳದಲ್ಲಿ ಕಾಲಿಡಲಾಗದ ಮನೆಯಲ್ಲಿ ಕುಳಿತವರಿಗೆ ಆ ಶೇ 98 ಹೇಗೆ ಅರ್ಥವಾಗಬೇಕು ಹೇಳು. ಅಪ್ಪನಿಗೋ ತೋಟದ್ದೇ ಚಿಂತೆ: ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಸಿಕ್ಕಿಲ್ಲ, ಕೊಳೆ ರೋಗ ಆಗಲೇ ಕಾಣಿಸಿಕೊಂಡಿದೆ. ನಿನ್ನ ಟಿಕೆಟಿನ ಹಣ ಹೊಂದಿಸಿ ಆಗಿದೆ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಚಟ್ನಿಪುಡಿಯನ್ನು ಎರಡು ಕವರಿನಲ್ಲಿ ಕಟ್ಟಿ ಕಳಿಸಿದ್ದೇನೆ, ಒಂದು ನಿನ್ನ ತಂಡದವರಿಗೆ. ಇನ್ನೊಂದು ಮಾತು: ನಿನ್ನ ಆ ಬಾಹ್ಯಾಕಾಶದ ಊರಿನಲ್ಲಿ ಸತ್ತವರನ್ನು ಏನು ಮಾಡುತ್ತಾರೆ ಎಂದು ಅಜ್ಜಿ ನಿನ್ನೆಯಿಂದ ಕೇಳುತ್ತಿದ್ದಾರೆ. ನನಗೆ ಉತ್ತರ ತೋಚಲಿಲ್ಲ. ಬೇರೆ ದೇಶದ ಮಕ್ಕಳನ್ನೂ ಕೇಳಿ ನೋಡಿ ತಿಳಿಸು.

ನಿನ್ನ,
ಅಮ್ಮ