ಧವನ್ ಅವರ ಮೇಷ್ಟ್ರ ಬದುಕೂ ನೆನಪಿರಲಿ

ಮಾನ್ಯ ಸಂಪಾದಕರೇ,

ಸತೀಶ್ ಧವನ್ ಅಂದರೆ ಬಹಳ ಜನಕ್ಕೆ ನೆನಪಾಗುವುದು ಅವರ ಹೆಸರಿನ ರಾಕೆಟ್ ಉಡಾವಣಾ ಕೇಂದ್ರವಿರುವ ಶ್ರೀಹರಿಕೋಟಾ. ಅವರ ಮೇಷ್ಟ್ರ ಬದುಕಿನ ಬಗ್ಗೆ ಮಾತು ಕಡಿಮೆ. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಅವರು, 1962ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು. 1972ರಲ್ಲಿ ಇಸ್ರೋ ಹೊಣೆ ಬಂದಾಗ, ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ ಎಂದು ಷರತ್ತು ಹಾಕಿಯೇ ಒಪ್ಪಿಕೊಂಡರು. 1979ರಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸೋತಾಗ ಪತ್ರಕರ್ತರ ಎದುರು ತಾವೇ ನಿಂತರು. ಮರುವರ್ಷ ಗೆದ್ದಾಗ ಆ ಯೋಜನೆಯ ಮುಖ್ಯಸ್ಥರಾಗಿದ್ದ ಕಲಾಂ ಅವರನ್ನು ಪತ್ರಕರ್ತರ ಮುಂದೆ ಕಳಿಸಿದರು. ತಂಡವನ್ನು ಹೀಗೆ ಕಾಯುವ ಗುಣ ಒಳ್ಳೆಯ ಮೇಷ್ಟ್ರಿಗೇ ಬರುವುದು, ಅಲ್ವಾ? ಕುಲಪತಿಗಳನ್ನು ಆರಿಸುವಾಗ ಪಾಠ, ಸಂಶೋಧನೆ ಎರಡನ್ನೂ ಬಿಡದವರನ್ನು ಸರ್ಕಾರ ಮೊದಲು ಹುಡುಕಲಿ.

– ಒಬ್ಬ ಓದುಗ