ಹತ್ತನೇ ತರಗತಿಯ ಪೋಷಕರಿಗೆ: ಆ ಪುಡಿ ಡಬ್ಬಿಯ ವಿಷಯ

ಇಳಕಲ್, ಬಾಗಲಕೋಟೆ ಜಿಲ್ಲೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಹತ್ತನೇ ತರಗತಿಯ ಹುಡುಗನೊಬ್ಬ ಶಾಲೆಯಲ್ಲಿ ಕೊಡುವ ಹಾಲಿಗೆ ಚೀಲದಿಂದ ಎರಡು ಚಮಚ ಪುಡಿ ತೆಗೆದು ಕಲಸಿಕೊಳ್ಳುತ್ತಿದ್ದ. ಡಬ್ಬಿ ಇಸಿದುಕೊಂಡು ನೋಡಿದೆ. ಬಂಗಾರದ ಬಣ್ಣದ ಅಕ್ಷರ, ಬಿಳಿ ಕೋಟು ತೊಟ್ಟವರೊಬ್ಬರ ಚಿತ್ರ, ಅದರ ಕೆಳಗೆ ‘ನೆನಪಿನ ಶಕ್ತಿ ಹೆಚ್ಚಿಸುತ್ತದೆ, ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಸಾಲು. ಬೆಲೆ 1,499 ರೂಪಾಯಿ. ವಿಚಾರಿಸಿದರೆ ನಮ್ಮ ಶಾಲೆಯ ಒಂಬತ್ತು ಮನೆಗಳಲ್ಲಿ ಆ ಡಬ್ಬಿ ಇದೆಯಂತೆ. ಹತ್ತನೆಯದು ನಮ್ಮ ಸ್ಟಾಫ್ ರೂಮಿನ ಕಪಾಟಿನಲ್ಲೇ ಸಿಕ್ಕಿತು. ಯಾರದೆಂದು ಬರೆಯುವುದಿಲ್ಲ, ಅವರ ಮಗಳಿಗೂ ಈ ವರ್ಷವೇ ಪರೀಕ್ಷೆ.

ಒಬ್ಬ ತಂದೆಯವರನ್ನು ಕೇಳಿದೆ, ಯಾಕೆ ಕೊಂಡಿರಿ ಎಂದು. “ಸರ್ರ, ರಿಸರ್ಚ್ ಆಗೇತಂತ್ರೀ, ಮ್ಯಾಲೆ ಬರದಾರ ನೋಡ್ರಿ. ಪರೀಕ್ಷಾ ಹತ್ರ ಬಂತು, ಬ್ಯಾಡ ಅಂತ ಹ್ಯಾಂಗ್ ಅನ್ನೂದ್ರಿ?” ಎಂದರು. ನನಗೆ ಆಗ ಉತ್ತರ ಹೊಳೆಯಲಿಲ್ಲ. 1,499 ರೂಪಾಯಿ ಎಂದರೆ ಎಷ್ಟು ದಿನದ ಮಜೂರಿ ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೊಟ್ಟಿದ್ದಾರೆ.

ನಿಮ್ಮಲ್ಲಿ ಬಹಳ ಮಂದಿ ಮಗ್ಗದ ಕುಣಿಯಲ್ಲಿ ಕೂತು ಬೆಳೆದವರು. ಯಾರಾದರೂ ಪವರ್‌ಲೂಮ್ ಸೀರೆ ತಂದು ‘ಇದು ಕೈಮಗ್ಗದ್ದು’ ಎಂದರೆ ನೀವು ಅದಕ್ಕೆ ಅಂಟಿಸಿದ ಚೀಟಿ ಓದುವುದಿಲ್ಲ. ಸೆರಗು ತಿರುವಿ ಹಾಕಿ, ಒಡಲಿನ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಬಿದ್ದಿದೆಯೋ ಇಲ್ಲವೋ ಎಂದು ಬೆರಳಾಡಿಸಿ ನೋಡುತ್ತೀರಿ. ಸಂಶೋಧನೆ ಎಂಬ ಮಾತನ್ನೂ ಹಾಗೆಯೇ ತಿರುವಿ ನೋಡಬೇಕು. ಎಷ್ಟು ಜನರ ಮೇಲೆ ಮಾಡಿದರು, ಅವರ ವಯಸ್ಸೆಷ್ಟು, ಯಾವುದರ ಜೊತೆ ಹೋಲಿಸಿದರು, ಖರ್ಚು ಯಾರದು, ಬೇರೆಯವರು ಮತ್ತೆ ಮಾಡಿದಾಗ ಅದೇ ಫಲ ಬಂತೋ ಹೇಗೆ. ಇದಕ್ಕೆ ಇಂಗ್ಲಿಷ್ ಬೇಕಿಲ್ಲ, ಡಿಗ್ರಿಯೂ ಬೇಕಿಲ್ಲ.

ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. ಬಣ್ಣಬಣ್ಣದ ಒಂದು ಹಾಳೆ ವಾಟ್ಸಾಪಿಗೆ ಬಂತು. ಮೇಲಕ್ಕೆ ಏರಿದ ಒಂದು ಗೆರೆ ಇತ್ತು. ಎಷ್ಟು ಮಕ್ಕಳು, ಯಾವ ಊರು, ಯಾವ ವರ್ಷ, ಒಂದೂ ಇರಲಿಲ್ಲ. ಮತ್ತೆ ಕೇಳಿದ್ದಕ್ಕೆ ‘ಎರಡು ಡಬ್ಬಿ ಕೊಂಡರೆ ರಿಯಾಯಿತಿ ಇದೆ ಸರ್’ ಎಂಬ ಉತ್ತರ ಬಂತು.

ಡಬ್ಬಿಯ ಹಿಂದೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ) ಎಂದು ಬರೆದು 14 ಅಂಕಿಯ ಸಂಖ್ಯೆ ಹಾಕಿರುತ್ತಾರೆ. ಕೆಲವರು ಅದನ್ನೇ ಸರ್ಕಾರದ ಸರ್ಟಿಫಿಕೇಟ್ ಎಂದುಕೊಂಡಿದ್ದೀರಿ. ಅದು ಆಹಾರ ತಯಾರಿಸಲು, ಮಾರಲು ಕೊಡುವ ಪರವಾನಗಿ ಸಂಖ್ಯೆ. ಬೇಕರಿಯ ಬ್ರೆಡ್ಡಿನ ಮೇಲೂ ಇರುತ್ತದೆ, ನೆನಪಿನ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ವಿಷಯ ತಿಳಿದು ನನಗೇ ಆಶ್ಚರ್ಯವಾಯಿತು. ನಮ್ಮ ದೇಶದ ಔಷಧ ನಿಯಮಗಳಲ್ಲಿ ‘ಷೆಡ್ಯೂಲ್ ಜೆ’ ಎಂಬ ಪಟ್ಟಿ ಇದೆ. ಯಾವ ಔಷಧವೂ ವಾಸಿ ಮಾಡುತ್ತೇನೆ, ಸಾಧಿಸಿಕೊಡುತ್ತೇನೆ ಎಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿ ಅದು. ಮಿದುಳಿನ ಸಾಮರ್ಥ್ಯ ಮತ್ತು ನೆನಪಿನ ಶಕ್ತಿ ಹೆಚ್ಚಿಸುವುದು ಆ ಪಟ್ಟಿಯಲ್ಲೇ ಇದೆ. ಹಾಗಾಗಿ ಮಾರುವವರು ಇದನ್ನು ಔಷಧ ಎನ್ನುವುದಿಲ್ಲ, ‘ಪೌಷ್ಟಿಕ ಆಹಾರ’ ಎನ್ನುತ್ತಾರೆ.

ಹಾಗಾದರೆ ನಾವು ಯಾಕೆ ಕೊಳ್ಳುತ್ತೇವೆ? ಇದರ ಮೇಲೆ ನಿಜವಾದ ಸಂಶೋಧನೆಯೇ ಆಗಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3ರಿಂದ 5 ವರ್ಷದ 63 ಮಕ್ಕಳಿಗೆ ಒಂದೇ ತಿನಿಸನ್ನು ಎರಡು ಬಗೆಯ ಕಾಗದದಲ್ಲಿ ಸುತ್ತಿ ಕೊಟ್ಟರು. ಒಂದು ಬರೀ ಕಾಗದ, ಇನ್ನೊಂದು ಹೆಸರಾಂತ ಬರ್ಗರ್ ಕಂಪನಿಯದು. ಹೆಚ್ಚಿನ ಮಕ್ಕಳಿಗೆ ಕಂಪನಿಯ ಕಾಗದದಲ್ಲಿದ್ದದ್ದೇ ರುಚಿ ಎನಿಸಿತು. ಆ ಕಂಪನಿ ಮಾರದ ಗಜ್ಜರಿಯೂ ಅದರ ಕಾಗದದಲ್ಲಿ ಸುತ್ತಿದ ಮೇಲೆ ಹೆಚ್ಚು ರುಚಿಯಾಯಿತು! ಅವು ಮಕ್ಕಳು ಎಂದು ನಗಬೇಡಿ. ನಮಗೆ ಬಂಗಾರದ ಅಕ್ಷರ ಮತ್ತು ಬಿಳಿ ಕೋಟು ಮಾಡಿದ ಕೆಲಸವೂ ಅದೇ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಪ್ರಾರ್ಥನೆಯ ಹೊತ್ತಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ: ‘ಫೋನ್ ಬಂದ್ ಮಾಡಿ ಪಕ್ಕದಲ್ಲಿಟ್ಟುಕೊಂಡರೂ ಬುದ್ಧಿ ಮಂಕಾಗುತ್ತದೆ, ಸಂಶೋಧನೆ ಹೇಳಿದೆ.’ 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ಸುಮಾರು 800 ಜನರ ಮೇಲೆ ಮಾಡಿದ ಅಧ್ಯಯನ ಅದು. ಫೋನನ್ನು ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಮೇಜಿನ ಮೇಲೆ ಇಟ್ಟುಕೊಂಡವರಿಗಿಂತ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಮುಂದೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ ಎಂಬ ವರದಿಗಳೂ ಬಂದಿವೆ. ನಾನು ಮೊದಲನೆಯದನ್ನು ಓದಿ ಊರೆಲ್ಲ ಸಾರಿದೆ, ಎರಡನೆಯದನ್ನು ಹುಡುಕಲೇ ಇಲ್ಲ. ಶಾಲೆಗೆ ಫೋನ್ ತರಬಾರದೆಂಬ ನಿಯಮ ಮಾತ್ರ ಹಾಗೆಯೇ ಇರುತ್ತದೆ. ಕಳೆದ ವರ್ಷ ಕಳೆದುಹೋದ ಎರಡು ಫೋನುಗಳ ಪಂಚಾಯ್ತಿ ಮಾಡಿ ನನಗೆ ಸಾಕಾಗಿದೆ, ಅದಕ್ಕೆ ಸಂಶೋಧನೆ ಬೇಕಿಲ್ಲ.

ಫೋನಿನ ಇನ್ನೊಂದು ಬಳಕೆ ನನ್ನನ್ನು ಹೆಚ್ಚು ಕಾಡುತ್ತಿದೆ. ಮಕ್ಕಳು ಗಣಿತದ ಲೆಕ್ಕದ ಫೋಟೋ ಹೊಡೆದು ಎಐಗೆ ಹಾಕಿ ಉತ್ತರ ಇಳಿಸಿಕೊಂಡು ಬರುತ್ತಿದ್ದಾರೆ. ಮನೆಗೆಲಸದ ವಹಿ ಎಷ್ಟು ಚೊಕ್ಕವಾಗಿದೆಯೆಂದರೆ ನೋಡಿದರೆ ಭಯವಾಗುತ್ತದೆ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದ್ದಾರೆ, 2025ರಲ್ಲಿ ಪ್ರಕಟವಾಗಿದೆ. ವಯಸ್ಸು ನಮ್ಮ ಮಕ್ಕಳದ್ದೇ, ವಿಷಯವೂ ಗಣಿತವೇ. ಎಐ ಕೈಯಲ್ಲಿದ್ದಾಗ ಅಭ್ಯಾಸದ ಲೆಕ್ಕಗಳಲ್ಲಿ ಅವರ ಅಂಕ ಶೇ. 48ರಷ್ಟು ಏರಿತು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಮೊದಲಿನಿಂದಲೂ ಪುಸ್ತಕ ಮಾತ್ರ ನೋಡಿ ಕಲಿತವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪಿಗೆ, ಉತ್ತರ ಕೊಡದೆ ಸುಳುಹು ಮಾತ್ರ ಕೊಡುವಂತೆ ತಿದ್ದಿದ ಎಐ ಕೊಟ್ಟಿದ್ದರು. ಆ ಗುಂಪಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಆದ್ದರಿಂದ ಬರುವ ಸೋಮವಾರದಿಂದ ಮನೆಗೆಲಸದ ಲೆಕ್ಕಗಳಲ್ಲಿ ಒಂದನ್ನು ಮರುದಿನ ಬೋರ್ಡಿನ ಮೇಲೆ ಮಾಡಿ ತೋರಿಸಬೇಕು. ವಹಿಗೆ ಅಂಕವಿಲ್ಲ. ತಪ್ಪು ಮಾಡಿದರೆ ಯಾರೂ ಬೈಯುವುದಿಲ್ಲ, ಗಣಿತದ ಸರ್ ಜೊತೆ ಮಾತಾಡಿದ್ದೇನೆ.

ನಿದ್ದೆಯ ಮಾತು. ರಾತ್ರಿ ಹನ್ನೆರಡರವರೆಗೆ ಓದಿದ ಎಂದು ಹೆಮ್ಮೆಯಿಂದ ಹೇಳುತ್ತೀರಿ, ಹುಡುಗ ಮೊದಲನೇ ಪೀರಿಯಡ್ಡಿನಲ್ಲೇ ತೂಕಡಿಸುತ್ತಾನೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಮಲಗುವ ಮುನ್ನ ಬೆಳಕು ಚೆಲ್ಲುವ ಪರದೆ ನೋಡಿದರೆ ಏನಾಗುತ್ತದೆ ಎಂಬುದರ ಮೇಲೆ ಬೋಸ್ಟನ್‌ನಲ್ಲಿ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 12 ಜನ ಮಾತ್ರ. ಇಷ್ಟೇನಾ ಎಂದು ನೀವು ಕೇಳಬೇಕು, ಕೇಳಿದರೆ ನನಗೆ ಸಂತೋಷ. ಆದರೆ ಆ ಹನ್ನೆರಡು ಮಂದಿಯನ್ನು ಎರಡು ವಾರ ಅಲ್ಲೇ ಇರಿಸಿಕೊಂಡು, ಪ್ರತಿಯೊಬ್ಬರಿಂದಲೂ ಐದು ರಾತ್ರಿ ಪರದೆಯ ಮೇಲೆ, ಐದು ರಾತ್ರಿ ಕಾಗದದ ಪುಸ್ತಕ ಓದಿಸಿ ಅಳೆದಿದ್ದರು. ಪರದೆ ನೋಡಿದ ರಾತ್ರಿ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು, ಬೆಳಿಗ್ಗೆ ಮಂಪರು ಹೆಚ್ಚಿತ್ತು. ಹತ್ತು ನಿಮಿಷವೇನು ದೊಡ್ಡದಲ್ಲ. ನಮ್ಮ ಮನೆಗಳಲ್ಲಿ ನಿದ್ದೆ ಕದಿಯುವುದು ಬೆಳಕಿಗಿಂತ ಒಂದರ ಹಿಂದೆ ಒಂದು ಬರುವ ರೀಲ್ಸ್ ಎಂಬುದು ನನ್ನ ಅಂದಾಜು. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಊರು ಇದು. ನಾನು ಬೇಡುವುದು ಅಷ್ಟು ದೊಡ್ಡದಲ್ಲ: ರಾತ್ರಿ ಹತ್ತರ ಮೇಲೆ ಮನೆಯ ಎಲ್ಲರ ಫೋನೂ ಪಡಸಾಲೆಯಲ್ಲಿ ಚಾರ್ಜಿಗೆ ಇರಲಿ. ಎಲ್ಲರದ್ದೂ ಎಂದರೆ ಅಪ್ಪಂದಿರದ್ದೂ.

ಆಟದ ಪೀರಿಯಡ್ ಕಿತ್ತು ಸ್ಪೆಷಲ್ ಕ್ಲಾಸ್ ಮಾಡಿ ಎಂದು ಕೆಲವರು ಅರ್ಜಿ ಕೊಟ್ಟಿದ್ದೀರಿ. ಆಗುವುದಿಲ್ಲ. ಬಯಲಿನಲ್ಲಿ ಕಳೆಯುವ ಹೊತ್ತು ಕಣ್ಣಿಗೂ ಬೇಕು. ಚೀನಾದ ಗುವಾಂಗ್‌ಝೌದಲ್ಲಿ 12 ಶಾಲೆಗಳ ಒಂದನೇ ತರಗತಿಯ ಮಕ್ಕಳನ್ನು ಮೂರು ವರ್ಷ ಗಮನಿಸಿದರು. ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟ ಶಾಲೆಗಳಲ್ಲಿ ಶೇ. 30.4 ಮಕ್ಕಳಿಗೆ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಬಂತು, ಉಳಿದ ಶಾಲೆಗಳಲ್ಲಿ ಶೇ. 39.5 ಮಕ್ಕಳಿಗೆ. ಅವು ಆರು ವರ್ಷದ ಮಕ್ಕಳು, ನಮ್ಮವು ಹದಿನೈದು ಎಂದು ನೀವು ವಾದಿಸಿದರೆ ಆ ವಾದ ಸರಿಯೇ. ಆದರೂ ಪೀರಿಯಡ್ ಕೊಡುವುದಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ, 11.30ಕ್ಕೆ, ಹತ್ತನೇ ತರಗತಿಯ ಪೋಷಕರ ಸಭೆ ಇದೆ. ಪುಡಿ ಕೊಂಡ ಮನೆಯವರು ಡಬ್ಬಿಯನ್ನೂ ಬಿಲ್ಲನ್ನೂ ತನ್ನಿ. ಬಿಲ್ಲು ಕೊಟ್ಟಿಲ್ಲವೆಂದರೆ ಫೋನಿನಿಂದ ಹಣ ಹೋದ ಮೆಸೇಜನ್ನು ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಸಭೆಯಲ್ಲಿ ಎಲ್ಲರೂ ಕೂತು ಅಲ್ಲಿಗೇ ಫೋನ್ ಮಾಡೋಣ. ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ. ಸ್ಟಾಫ್ ರೂಮಿನ ಡಬ್ಬಿಯೂ ಅಂದು ಮೇಜಿನ ಮೇಲೆ ಇರುತ್ತದೆ, ಅದರ ಒಡತಿ ಒಪ್ಪಿದ್ದಾರೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯ