ಪ್ಲಯೆಟೀಸಿಯಲ್: ಎಲ್ಲಿ ಒಪ್ಪುತ್ತೆ, ಎಲ್ಲಿ ಒಪ್ಪಲ್ಲ

ಆಲ್ದೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಸೆಮಿನಾರ್ ಪೇಪರ್ ಓದಿದೆ. ನಮ್ಮ ಚಿಕ್ಕಮಗಳೂರು ಗಿರಿಯ ಕುರಿಂಜಿ ಗಿಡದ ಬಗ್ಗೆ ಚೆನ್ನಾಗಿ ಬರೆದಿದ್ದೀಯ. ಆದರೆ ‘ಪ್ಲಯೆಟೀಸಿಯಲ್’ ಅನ್ನೋ ಪದ ಸಿಕ್ಕ ಖುಷಿಗೆ ಅದನ್ನು ಕಂಡಕಂಡಲ್ಲಿ ಹಾಕಿಬಿಟ್ಟಿದ್ದೀಯ. ಕಾಫಿಗೂ ಅದೇ, ಕತ್ತಾಳೆಗೂ ಅದೇ. ಅಪರೂಪದ ಪದ ನೋಡು, ನಿಮ್ಮ ಮೇಷ್ಟ್ರು ಮೊದಲು ಅದನ್ನೇ ಹಿಡ್ಕೊಂಡು ಕೇಳ್ತಾರೆ.

ಆ ಪದ ಹಾಕಬೇಕಾದರೆ ಗಿಡ ಹಲವು ವರ್ಷ ಬದುಕುವಂಥದ್ದಾಗಿರಬೇಕು. ಗುಂಪಾಗಿ ಬೆಳೆಯಬೇಕು. ವರ್ಷಗಟ್ಟಲೆ ಸುಮ್ಮನಿದ್ದು, ಇಡೀ ಗುಂಪು ಒಟ್ಟಿಗೇ ಹೂ ಬಿಟ್ಟು, ಬೀಜ ಕಟ್ಟಿ, ಸಾಯಬೇಕು. ಇಷ್ಟೂ ಕೂಡಿದರೆ ಮಾತ್ರ ಆ ಪದ. ಸಸ್ಯಶಾಸ್ತ್ರದವರು ಅದನ್ನು ಹೆಚ್ಚಾಗಿ ಹೇಳೋದು ಕುರಿಂಜಿಯ ಕುಲವಾದ ಸ್ಟ್ರೊಬಿಲಾಂತಸ್ ಮತ್ತು ಅದರ ಹತ್ತಿರದ ಗಿಡಗಳಿಗೆ.

ಕಾಫಿಯನ್ನೇ ನೋಡು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಹೂವಿನಿಂದ ಬೆಳ್ಳಗಾಗುತ್ತದೆ, ನಿಜ. ಹಾಗಂತ ಕಾಫಿ ಗಿಡ ಸಾಯುತ್ತಾ? ಸತ್ತರೆ ನಾವು ಉಳೀತಿದ್ವಾ! ಮುಂದಿನ ವರ್ಷ ಮತ್ತೆ ಹೂವು.

ಕತ್ತಾಳೆ ಸ್ವಲ್ಪ ಹತ್ತಿರ ಬರುತ್ತದೆ. ಕಡೂರು, ಅರಸೀಕೆರೆ ಕಡೆ ಬೇಲಿ ಸಾಲು ನೋಡಿದ್ದೀಯಲ್ಲ? ನಡುವಿನಿಂದ ಕಂಬದ ಹಾಗೆ ಹೂಗೊಂಚಲು ಏಳುತ್ತದೆ, ಆಮೇಲೆ ಆ ಗಿಡ ಒಣಗುತ್ತದೆ. ಆದರೆ ಪಕ್ಕದ್ದು ಹಸಿರಾಗೇ ನಿಂತಿರುತ್ತದೆ. ಒಂದೊಂದರ ಕಾಲ ಒಂದೊಂದು. ಅಲ್ಲಿ ‘ಮೋನೋಕಾರ್ಪಿಕ್’, ಅಂದರೆ ಒಂದೇ ಸಲ ಹೂ ಬಿಟ್ಟು ಸಾಯುವಂಥದ್ದು, ಅಂತ ಬರಿ, ಸಾಕು. ಬಿದಿರಿಗೆ ನಿನ್ನ ಪದ ಅರ್ಥದಲ್ಲಿ ಒಪ್ಪುತ್ತದೆ, ಆದರೂ ಬಿದಿರಿನ ಬಗ್ಗೆ ಬರೆಯುವವರು ‘ಗ್ರಿಗೇರಿಯಸ್ ಫ್ಲವರಿಂಗ್’ (ಗುಂಪಾಗಿ ಹೂಬಿಡುವುದು) ಅನ್ನೋದೇ ಜಾಸ್ತಿ.

ಇನ್ನು ‘ಪ್ಲಯೆಟೀಸಿಯಲ್ ಅಂದರೆ 12 ವರ್ಷಕ್ಕೊಮ್ಮೆ ಅರಳುವುದು’ ಅನ್ನೋ ವಾಕ್ಯ ಹೊಡೆದುಹಾಕು. ಆ 12 ನೀಲಕುರಿಂಜಿಯದು, ಸ್ಟ್ರೊಬಿಲಾಂತಸ್ ಕುಂತಿಯಾನದ್ದು. ಅದೇ ಕುಲದ ಕಾರ್ವಿ ಮಹಾರಾಷ್ಟ್ರದ ಘಟ್ಟದಲ್ಲಿ ಸುಮಾರು 8 ವರ್ಷಕ್ಕೇ ಅರಳುತ್ತದೆ. ಬೆಟ್ಟದಿಂದ ಬೆಟ್ಟಕ್ಕೂ ವರ್ಷ ಬೇರೆ. ಕೇರಳದ ಮುನ್ನಾರಿನಲ್ಲಿ ಅರಳಿದ್ದು 2006, 2018ರಲ್ಲಿ. ನಮ್ಮ ಗಿರಿಗೆ ಕುರಿಂಜಿ ನೋಡಲು ಜನ ಮುಗಿಬಿದ್ದಿದ್ದು 2022ರಲ್ಲಿ.

ಒಂದು ಕೊರತೆ ಹೇಳಲೇಬೇಕು. ಹೂವಿನ ನೀಲಿಗೆ ಎರಡು ಪುಟ ಕೊಟ್ಟಿದ್ದೀಯ, ಸಾವಿಗೆ ಒಂದು ಸಾಲೂ ಇಲ್ಲ. ಪದದ ಅರ್ಧ ಜೀವ ಇರೋದೇ ಅಲ್ಲಿ. ಹೂ ಮುಗಿದ ಮೇಲೆ ಅಲ್ಲಿಗೆ ಯಾರೂ ಹೋಗಲ್ಲ, ಕಾರುಗಳೆಲ್ಲ ವಾಪಸ್. ಆಗ ಪೊದೆ ಬರೀ ಒಣ ಕಡ್ಡಿ. ಮುಟ್ಟಿದರೆ ಲಟಕ್ಕನೆ ಮುರಿಯುತ್ತದೆ. ಒಣಗಿದ ಸಣ್ಣ ಕಾಯಿಗೆ ನೀರಿನ ಪಸೆ ತಾಗಿದರೆ ಚಟ್ಟನೆ ಸಿಡಿದು ಬೀಜ ಎರಚುತ್ತದೆ. ಇದನ್ನು ಬರಿ. ಇಲಿ, ಹುಳ ಎಷ್ಟು ತಿಂದರೂ ಮಿಗುವಷ್ಟು ಬೀಜ ಒಂದೇ ಸಲ ಸುರಿಯೋದೇ ಈ ಒಟ್ಟು ಹೂಬಿಡುವಿಕೆಯ ಲಾಭ ಅಂತ ಒಂದು ವಾದ ಇದೆ. ಅದನ್ನೂ ಸೇರಿಸು, ಆದರೆ ವಾದ ಅಂತಲೇ ಹೇಳು.

ನನ್ನ ಕೇಳಿದರೆ, ಮೊದಲ ಪುಟದಲ್ಲಿ ಆ ಪದವೇ ಬೇಡ. ಗಿಡದ ಬದುಕನ್ನು ಕನ್ನಡದಲ್ಲಿ ಹೇಳುವ ಹಾಗೆ ಸೀದಾ ಹೇಳಿ ಮುಗಿಸು. ಆಮೇಲೆ, ಇಂಥದ್ದಕ್ಕೆ ಹೀಗೆ ಹೆಸರು ಅಂತ ಒಂದು ಸಲ ಹೇಳು. ಕೇಳುವವರಿಗೆ ಅರ್ಥ ಆಗಿರುತ್ತದೆ, ನಿನಗೂ ಪ್ರಶ್ನೆಗೆ ಉತ್ತರ ಇರುತ್ತದೆ.

ತಿದ್ದಿದ ಮೇಲೆ ಬೇಗ ಕಳಿಸು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಶುರುವಾದರೆ ನನಗೆ ಓದಲು ಪುರುಸೊತ್ತಿರಲ್ಲ.

ನಿನ್ನ ದೊಡ್ಡಪ್ಪ